ಮಗಾಡಿ, ನೇಟ್ರಾನ್: ಅಕ್ಕಪಕ್ಕದ ಎರಡು ಸೋಡಾ ಸರೋವರಗಳಲ್ಲಿ ಒಂದರಲ್ಲಿ ಮಾತ್ರ ಗಣಿ ಯಾಕೆ?

ಭೂಪಟ_ಮೇಷ್ಟ್ರು

ಭೂಪಟದಲ್ಲಿ ಕೀನ್ಯಾ, ತಾಂಜಾನಿಯಾ ಗಡಿಯನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ನೈರೋಬಿಯಿಂದ ನೈಋತ್ಯಕ್ಕೆ ಬಂದರೆ ಕೀನ್ಯಾ ಕಡೆ ಮಗಾಡಿ ಸರೋವರ. ಗಡಿ ದಾಟಿದ ತಕ್ಷಣ ತಾಂಜಾನಿಯಾದ ನೇಟ್ರಾನ್. ನಡುವೆ ಶೊಂಪೊಲೆ ಅನ್ನುವ ಹಳೆಯ ಜ್ವಾಲಾಮುಖಿ ಬೆಟ್ಟ. ಎರಡರ ಮಧ್ಯೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ಅಷ್ಟೇ. ಎರಡೂ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಎರಡರಿಂದಲೂ ನೀರು ಹೊರಗೆ ಹರಿಯುವುದಿಲ್ಲ. ಎರಡರಲ್ಲೂ ಅಡುಗೆ ಉಪ್ಪಿಗಿಂತ ಸೋಡಾನೇ, ಅಂದರೆ ಸೋಡಿಯಂ ಕಾರ್ಬೊನೇಟೇ ಜಾಸ್ತಿ.

ಆದರೂ ಮಗಾಡಿಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಸೋಡಾ ಅಗೆದು ಮಾರುತ್ತಿದ್ದಾರೆ. ಅಲ್ಲಿ ರೈಲು ಹಳಿ ಇದೆ, ಕಾರ್ಖಾನೆ ಇದೆ, ಒಂದು ಊರೇ ಇದೆ. ನೇಟ್ರಾನ್‌ನಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಫ್ಲೆಮಿಂಗೊಗಳು ಲಕ್ಷಗಟ್ಟಲೆ ಬಂದು ಮರಿ ಮಾಡುತ್ತವೆ.

ಇದು ಹೇಗಾಯಿತು? ಭೂಗೋಳವೇ ಹಾಗಿದೆಯೋ, ಮನುಷ್ಯರು ತೀರ್ಮಾನ ಮಾಡಿದ್ದೋ? ಇನ್ನೊಂದು ಪ್ರಶ್ನೆ. ಅದೇ ಕಣಿವೆಯಲ್ಲಿರುವ ನೈವಾಶಾ ಸರೋವರದಿಂದಲೂ ನದಿ ಹೊರಗೆ ಹೋಗುವುದಿಲ್ಲ. ಆದರೆ ಅದು ಸಿಹಿನೀರು. ಪಾಠ ಮಾಡುವಾಗ ಮಕ್ಕಳು ಕೇಳಿಯೇ ಕೇಳುತ್ತಾರೆ. ತಿಳಿದವರು ವಿವರವಾಗಿ ಬರೆಯಿರಿ. ಉದ್ದವಾದರೂ ಪರವಾಗಿಲ್ಲ.

ಕಲ್ಲುಬಂಡೆ

ಮೇಷ್ಟ್ರೇ, ಮೊದಲು ಸೋಡಾ ಎಲ್ಲಿಂದ ಬಂತು ಅಂತ ನೋಡೋಣ. ಉಳಿದದ್ದು ಅದರಿಂದಲೇ ತಿಳಿಯುತ್ತದೆ.

ಪೂರ್ವ ಆಫ್ರಿಕಾದಲ್ಲಿ ಭೂಮಿಯ ಮೇಲ್ಪದರ ಎಳೆದುಕೊಂಡು ತೆಳುವಾಗುತ್ತಾ ಇದೆ. ಅಕ್ಕಪಕ್ಕ ಗೋಡೆಯ ಹಾಗೆ ಕಡಿದಾದ ಅಂಚು ನಿಂತು ನಡುವಿನ ನೆಲ ಕುಸಿದಿದೆ. ಇದೇ ರಿಫ್ಟ್ ಕಣಿವೆ. ಇದರ ಪೂರ್ವದ ಕವಲಿಗೆ ಗ್ರೆಗರಿ ರಿಫ್ಟ್ ಎನ್ನುತ್ತಾರೆ. 1893ರಲ್ಲಿ ಇಲ್ಲಿ ಓಡಾಡಿ ಅಧ್ಯಯನ ಮಾಡಿದ ಜಾನ್ ವಾಲ್ಟರ್ ಗ್ರೆಗರಿ ಅವರ ಹೆಸರು ಅದು. ನೆಲ ಕುಸಿದ ಕಡೆ ಬಿರುಕುಗಳಿರುತ್ತವೆ. ಬಿರುಕಿನ ಮೂಲಕ ಲಾವಾ ಬಂದಿದೆ, ಬಿಸಿನೀರು ಈಗಲೂ ಬರುತ್ತಿದೆ.

ಇಲ್ಲಿನ ಜ್ವಾಲಾಮುಖಿ ಕಲ್ಲುಗಳಲ್ಲಿ ಸೋಡಿಯಂ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಈ ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಆ ನೀರು ತಗ್ಗಿಗೆ ಬಂದು ನಿಲ್ಲುತ್ತದೆ. ಬಿಸಿಲಿಗೆ ಆವಿಯಾಗುತ್ತದೆ. ಆವಿಯಾಗುವಾಗ ಮೊದಲು ಗಟ್ಟಿಯಾಗಿ ಕೆಳಗೆ ಕೂರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಬೋರ್‌ವೆಲ್ ನೀರು ಕಾಯಿಸುವ ಬಚ್ಚಲ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ. ಕ್ಯಾಲ್ಸಿಯಂ ಎಲ್ಲ ಹಾಗೆ ಮುಗಿದ ಮೇಲೂ ನೀರಿನಲ್ಲಿ ಕಾರ್ಬೊನೇಟ್ ಉಳಿದಿದ್ದರೆ ಅದಕ್ಕೆ ಜೊತೆಯಾಗಿ ಉಳಿಯುವುದು ಸೋಡಿಯಂ ಮಾತ್ರ. ನೀರು ಇನ್ನೂ ಇಂಗಿದಾಗ ಸೋಡಿಯಂ ಕಾರ್ಬೊನೇಟ್ ಹರಳುಗಟ್ಟುತ್ತದೆ. ಅದು ಟ್ರೋನಾ ಆಗುತ್ತದೆ ಅಥವಾ ನೇಟ್ರಾನ್ ಖನಿಜ ಆಗುತ್ತದೆ.

ಕಲ್ಲಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದಿದ್ದರೆ ಲೆಕ್ಕ ತಲೆಕೆಳಗಾಗುತ್ತಿತ್ತು. ಕಾರ್ಬೊನೇಟ್ ಮೊದಲು ಮುಗಿದುಹೋಗಿ ಸಾಮಾನ್ಯ ಉಪ್ಪಿನ ಸರೋವರ ಆಗುತ್ತಿತ್ತು. ಒಂದು ಸರೋವರ ಉಪ್ಪಾಗುತ್ತದೋ ಸೋಡಾ ಆಗುತ್ತದೋ ಅನ್ನುವುದು ಸುತ್ತಲಿನ ಕಲ್ಲಿನಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ನೈವಾಶಾ ಪ್ರಶ್ನೆ ಬಹಳ ಒಳ್ಳೆಯದು. ನೈವಾಶಾಗೆ ಮೇಲ್ಗಡೆ ದಾರಿ ಇಲ್ಲ, ಕೆಳಗಡೆ ಇದೆ. ನೀರು ನೆಲದೊಳಗೆ ಸೋರಿಹೋಗುತ್ತದೆ, ಕರಗಿದ ಉಪ್ಪನ್ನೂ ಕರೆದುಕೊಂಡೇ ಹೋಗುತ್ತದೆ. ಉತ್ತರದ ಬರಿಂಗೊ ಸರೋವರದ್ದೂ ಅದೇ ಕಥೆ. ಮಗಾಡಿ ಮತ್ತು ನೇಟ್ರಾನ್ ಇರುವುದು ಕಣಿವೆಯ ಆ ಭಾಗದ ಅತಿ ತಗ್ಗಿನಲ್ಲಿ. ಅಲ್ಲಿಂದ ಮುಂದೆ ನೀರಿಗೆ ಹೋಗಲು ಜಾಗವಿಲ್ಲ. ಆವಿಯಾಗುವುದೊಂದೇ ದಾರಿ.

ಸುಮಾ_ಧಾರವಾಡ

ಕಲ್ಲುಬಂಡೆ ಸರ್, ಬಹಳ ಚೆನ್ನಾಗಿ ಬಿಡಿಸಿ ಹೇಳಿದ್ರಿ. ನೇಟ್ರಾನ್ ನೀರು ಮುಟ್ಟಿದ ಹಕ್ಕಿ ಕಲ್ಲಾಗುತ್ತದೆ ಅಂತ ಫೋಟೊ ಹಾಕುತ್ತಾರಲ್ಲ, ಅದರಲ್ಲಿ ಎಷ್ಟು ನಿಜ?

ಹಕ್ಕಿನೋಟ

ಸುಮಾ ಅವರೇ, ಅದನ್ನು ನಂಬಬೇಡಿ. ಆ ಫೋಟೊಗಳನ್ನು ತೆಗೆದವರು ನಿಕ್ ಬ್ರಾಂಟ್. ದಡಕ್ಕೆ ಬಂದು ಬಿದ್ದಿದ್ದ ಸತ್ತ ಹಕ್ಕಿಗಳನ್ನು, ಬಾವಲಿಗಳನ್ನು ಎತ್ತಿ ಕೊಂಬೆಯ ಮೇಲೆ ಜೀವಂತ ಇದ್ದ ಹಾಗೆ ಕೂರಿಸಿ ತೆಗೆದ ಚಿತ್ರಗಳು ಅವು. ಅವರೇ ಅದನ್ನು ಹೇಳಿದ್ದಾರೆ. ನೀರು ಮುಟ್ಟಿ ಕಲ್ಲಾದವಲ್ಲ. ಬೇರೆ ಕಾರಣಕ್ಕೆ ಸತ್ತು ನೀರಿಗೆ ಬಿದ್ದ ದೇಹ ಕೊಳೆಯದೆ ಸೋಡಾದಲ್ಲಿ ಒಣಗಿ ಗಟ್ಟಿಯಾಗಿ ಉಳಿದಿತ್ತು. ಪ್ರಾಚೀನ ಈಜಿಪ್ಟಿನವರು ಮಮ್ಮಿ ಮಾಡಲು ಬಳಸುತ್ತಿದ್ದದ್ದೂ ಇದೇ ಜಾತಿಯ ಸೋಡಾ. ಅವರಿಗೆ ಅದು ಸಿಗುತ್ತಿದ್ದದ್ದು ಈಜಿಪ್ಟಿನ ವಾದಿ ನಟ್ರೂನ್ ತಗ್ಗಿನಲ್ಲಿ.

ನನಗೆ ಬೇಸರ ಆಗುವುದು ಯಾಕೆಂದರೆ, ಸಾವಿನ ಸರೋವರ ಅಂತ ಹೆಸರಿಟ್ಟ ಜಾಗ ನಿಜವಾಗಿ ಹೆರಿಗೆ ಮನೆ. ಚಿಕ್ಕ ಫ್ಲೆಮಿಂಗೊ ಅನ್ನುವ ಜಾತಿಯ ಹಕ್ಕಿಗಳಲ್ಲಿ ಪ್ರಪಂಚದ ಮುಕ್ಕಾಲು ಪಾಲು ಪೂರ್ವ ಆಫ್ರಿಕಾದಲ್ಲಿವೆ. ಹದಿನೈದರಿಂದ ಇಪ್ಪತ್ತೈದು ಲಕ್ಷ ಅನ್ನುತ್ತಾರೆ. ಅವು ಆಹಾರಕ್ಕೆ ನಕುರು, ಬೊಗೋರಿಯಾ, ಎಲ್ಮೆಂಟೈಟಾ, ಮನ್ಯಾರ ಅಂತ ಹತ್ತಾರು ಸರೋವರ ಸುತ್ತುತ್ತವೆ. ಆದರೆ ಮೊಟ್ಟೆ ಇಡಲು ಮತ್ತೆ ಮತ್ತೆ ಬರುವುದು ನೇಟ್ರಾನ್‌ಗೆ. ಪೂರ್ವ ಆಫ್ರಿಕಾದಲ್ಲಿ ಅವುಗಳಿಗೆ ಖಾಯಂ ಜಾಗ ಅದೊಂದೇ.

ನೈರೋಬಿ_ನಿವಾಸಿ

ನಾನು ಕೆಲಸದ ಮೇಲೆ ನೈರೋಬಿಯಲ್ಲಿದ್ದೇನೆ. ಮಗಾಡಿಗೆ ಹೋಗಿ ಬಂದಿದ್ದೇನೆ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನೈರೋಬಿ ಇರುವುದು ಸುಮಾರು 1,700 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಸ್ವೆಟರ್ ಬೇಕು. ಙೊಂಗ್ ಬೆಟ್ಟದ ಪಕ್ಕದಿಂದ ಕಿಸೇರಿಯನ್ ದಾಟಿದರೆ ರಸ್ತೆ ಇಳಿಯುತ್ತಾ ಹೋಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕುಸಿದ ನೆಲ. ಒಂದು ಹಂತ ಇಳಿದು ಸಮತಟ್ಟಾಯಿತು ಅಂದುಕೊಂಡರೆ ಮುಂದೆ ಇನ್ನೊಂದು ಹಂತ. ಕಲ್ಲುಬಂಡೆ ಅವರು ಹೇಳಿದ ಬಿರುಕುಗಳು ಅಂದರೆ ಇವೇ. ಗಿಡಗಳು ಕುಳ್ಳಗಾಗುತ್ತಾ ಮುಳ್ಳು ಜಾಸ್ತಿಯಾಗುತ್ತದೆ. ದಾರಿಯಲ್ಲಿ ಒಲೊರ್ಗೆಸೈಲಿ ಸಿಗುತ್ತದೆ. ಆದಿಮಾನವರ ಕಲ್ಲುಕೊಡಲಿಗಳು ರಾಶಿ ರಾಶಿಯಾಗಿ ಸಿಕ್ಕ ಜಾಗ. ಅಲ್ಲಿಗೆ ಬರುವಷ್ಟರಲ್ಲಿ ಸ್ವೆಟರ್ ಹಿಂದಿನ ಸೀಟಿಗೆ ಹೋಗಿರುತ್ತದೆ. ಸುಮಾರು 120 ಕಿಲೋಮೀಟರ್ ಆದ ಮೇಲೆ ಮಗಾಡಿ. ಬಾಗಿಲು ತೆಗೆದರೆ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತದೆ.

ಸರೋವರ ಅಂದರೆ ನೀರು ಅಂದುಕೊಳ್ಳಬೇಡಿ. ಒಣ ಕಾಲದಲ್ಲಿ ಬಹುಪಾಲು ಬಿಳಿ ಗಟ್ಟಿ ನೆಲ. ಕೆಲವು ಕಡೆ ಗುಲಾಬಿ, ಕೆಲವು ಕಡೆ ಇಟ್ಟಿಗೆ ಬಣ್ಣ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಅದು ಒಂದೇ ಹಾಸಲ್ಲ. ಐದಾರು ಮೂಲೆಯ ತುಂಡುಗಳು ಒಂದಕ್ಕೊಂದು ಒತ್ತಿಕೊಂಡು ಅಂಚಿನಲ್ಲಿ ಮೇಲೆದ್ದಿವೆ. ಆ ಅಂಚಿನಲ್ಲಿ ಸಣ್ಣ ಸೂಜಿಯಂಥ ಹರಳುಗಳು. ಬೆರಳಿನಿಂದ ಒತ್ತಿದರೆ ಮುರಿಯುತ್ತವೆ, ಕೆಳಗೆ ಕೆಂಪು ನೀರು ಜಿನುಗುತ್ತದೆ. ಬೆರಳು ನುಣ್ಣಗೆ, ಸೋಪು ಹಚ್ಚಿದ ಹಾಗೆ ಜಾರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಚರ್ಮ ಬಿಗಿಯಾಗಿ ಉರಿಯಲು ಶುರು. ಕುಡಿಯುವ ನೀರಿನಲ್ಲೇ ತೊಳೆದುಕೊಂಡೆ.

ದಕ್ಷಿಣದ ತುದಿಯಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಈ ಭಾಗದ ದನಗಾಹಿ ಮಸಾಯಿ ಜನರ ಹಿರಿಯರು ಮೈಕೈ ನೋವಿಗೆ ಅಂತ ಅಲ್ಲಿ ಕೂರುತ್ತಾರೆ. ಹೆಂಗಸರು ಮಣಿಸರ ಮಾರುತ್ತಾರೆ.

ಒಂದು ಮಾತು ಅಡುಗೆಯವರಿಗೆ. ನೈರೋಬಿ ಮಾರ್ಕೆಟ್ಟಿನಲ್ಲಿ ಈ ಸೋಡಾದ ಬೂದುಬಣ್ಣದ ಹೆಂಟೆಗಳನ್ನು ಮಾರುತ್ತಾರೆ. ಗಟ್ಟಿ ಕಾಳು, ಜೋಳ, ಕಹಿ ಸೊಪ್ಪು ಬೇಗ ಬೇಯಲಿ ಅಂತ ಒಂದು ಚೂರು ಹಾಕುತ್ತಾರೆ. ಜಾಸ್ತಿ ಆದರೆ ಬಾಯೆಲ್ಲ ಸೋಪು ಸೋಪು.

ಸುಮಾ_ಧಾರವಾಡ

ನಾವೂ ಕಡಲೆ ಬೇಯಿಸೋವಾಗ ಸೋಡಾ ಹಾಕ್ತೀವಲ್ಲ! ಆ ಕೆಂಪು ಬಣ್ಣ ಯಾತರದು?

ಕಲ್ಲುಬಂಡೆ

ನಾವು ಹಾಕುವುದು ಅಡುಗೆ ಸೋಡಾ, ಸೋಡಿಯಂ ಬೈಕಾರ್ಬೊನೇಟ್. ಟ್ರೋನಾದಲ್ಲಿ ಕಾರ್ಬೊನೇಟ್, ಬೈಕಾರ್ಬೊನೇಟ್ ಎರಡೂ ಇವೆ. ಹಾಗಾಗಿ ಅದು ಹೆಚ್ಚು ಕ್ಷಾರ.

ಕೆಂಪು ಬಣ್ಣ ಹೇಲೊಆರ್ಕಿಯಾ ಅನ್ನುವ ಸೂಕ್ಷ್ಮಜೀವಿಗಳದು. ಉಪ್ಪು ವಿಪರೀತ ಆದಷ್ಟೂ ಅವಕ್ಕೆ ಸಂತೋಷ. ನಮ್ಮ ಪಕ್ಕದ ಮಹಾರಾಷ್ಟ್ರದ ಲೋಣಾರ್ ಸರೋವರ 2020ರ ಜೂನ್‌ನಲ್ಲಿ ಇದ್ದಕ್ಕಿದ್ದಂತೆ ಗುಲಾಬಿ ಆಗಿ ಸುದ್ದಿಯಾಯಿತಲ್ಲ, ಅದಕ್ಕೂ ಇವೇ ಕಾರಣ. ಲೋಣಾರ್ ಕೂಡ ಸೋಡಾ ಸರೋವರವೇ. ಉಲ್ಕೆ ಬಿದ್ದು ಆದ ಗುಂಡಿ, ಸುತ್ತ ಕಪ್ಪುಕಲ್ಲು, ನೀರಿಗೆ ಹೊರದಾರಿ ಇಲ್ಲ. ಮೇಷ್ಟ್ರೇ, ಮಕ್ಕಳಿಗೆ ಹತ್ತಿರದ ಉದಾಹರಣೆ ಬೇಕಾದರೆ ಅದೇ ಸರಿ.

ಗಾಜುಗಾರ

ನಾನು ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ವಿಭಾಗದಲ್ಲಿ ಕೆಲಸ ಮಾಡಿದವನು. ಸೋಡಾ ಆಶ್, ಅಂದರೆ ಸೋಡಿಯಂ ಕಾರ್ಬೊನೇಟ್ ಪುಡಿ, ಯಾಕೆ ಬೇಕು ಅಂತ ಹೇಳದೆ ಗಣಿ ವಿಷಯ ಮಾತಾಡಿದರೆ ಅರ್ಧಂಬರ್ಧ ಆಗುತ್ತದೆ.

ಬರೀ ಮರಳು ಕರಗಬೇಕಾದರೆ 1,700 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಸೋಡಾ ಆಶ್ ಬೆರೆಸಿದರೆ ಕರಗುವ ಬಿಸಿ ಎಷ್ಟೋ ಕಡಿಮೆಯಾಗುತ್ತದೆ. ಕಿಟಕಿ ಗಾಜು, ಬಾಟಲಿ, ಲೋಟ ಎಲ್ಲಕ್ಕೂ ಅದು ಬೇಕೇ ಬೇಕು. ಬಟ್ಟೆ ಒಗೆಯುವ ಪುಡಿಗೂ ಬೇಕು. ಅದನ್ನು ಎರಡು ರೀತಿ ಪಡೆಯುತ್ತಾರೆ. ಉಪ್ಪು ಮತ್ತು ಸುಣ್ಣದ ಕಲ್ಲಿನಿಂದ ಸಾಲ್ವೆ ವಿಧಾನದಲ್ಲಿ ತಯಾರಿಸುವುದು ಒಂದು. ಗುಜರಾತಿನ ಮೀಠಾಪುರದಲ್ಲಿ ಮಾಡುವುದು ಹೀಗೆ. ಇನ್ನೊಂದು ನೆಲದಲ್ಲೇ ಸಿಗುವ ಟ್ರೋನಾ ಅಗೆದು ಸುಡುವುದು. ಅಮೆರಿಕದ ವಯೋಮಿಂಗ್‌ನಲ್ಲಿ ಪ್ರಪಂಚದಲ್ಲೇ ದೊಡ್ಡ ನಿಕ್ಷೇಪ ಇದೆ. ಆಫ್ರಿಕಾದಲ್ಲಿ ಹೆಸರಾದದ್ದು ಮಗಾಡಿ.

ಮಗಾಡಿ ಸೋಡಾ ಕಂಪನಿ ಶುರುವಾಗಿದ್ದು 1911ರಲ್ಲಿ. ಮೊಂಬಾಸಾ ರೈಲು ಮಾರ್ಗದ ಕೊಂಜಾ ನಿಲ್ದಾಣದಿಂದ ಸರೋವರದವರೆಗೆ ಕವಲು ಹಳಿ ಹಾಕಿದರು. 1924ರಲ್ಲಿ ಬ್ರಿಟನ್ನಿನ ಬ್ರನ್ನರ್ ಮಾಂಡ್ ಕಂಪನಿ ಅದನ್ನು ಕೊಂಡಿತು. 2005ರ ಕೊನೆಯಲ್ಲಿ ಬ್ರನ್ನರ್ ಮಾಂಡನ್ನೇ ಟಾಟಾ ಕೆಮಿಕಲ್ಸ್ ಕೊಂಡಾಗ ಮಗಾಡಿ ಭಾರತದ ಕಂಪನಿಯ ಕೈಗೆ ಬಂತು.

ಅಲ್ಲಿ ಟ್ರೋನಾ ಪದರ ಕೆಲವು ಕಡೆ 40 ಮೀಟರ್ ತನಕ ದಪ್ಪ ಇದೆ. ತೇಲುವ ಡ್ರೆಜ್ಜರ್ ಯಂತ್ರ ಅದನ್ನು ಕತ್ತರಿಸಿ ಪೈಪಿನಲ್ಲಿ ದಡಕ್ಕೆ ಕಳಿಸುತ್ತದೆ. ತೊಳೆದು ಸುಟ್ಟರೆ ಸೋಡಾ ಆಶ್. ಮೇಷ್ಟ್ರು ಕೇಳಿದ ಪ್ರಶ್ನೆಗೆ ನನ್ನ ಮಟ್ಟಿಗೆ ಇದೇ ಉತ್ತರ. ಮಗಾಡಿಯಲ್ಲಿ ಗಟ್ಟಿ ಟ್ರೋನಾ ರಾಶಿ ಬಿದ್ದಿದೆ, ರೈಲು ಹತ್ತಿರ ಇತ್ತು, ಬಂದರು ಇತ್ತು. ನೇಟ್ರಾನ್‌ಗೆ ರೈಲೂ ಇಲ್ಲ, ಒಳ್ಳೆ ರಸ್ತೆಯೂ ಇರಲಿಲ್ಲ.

ಕಲ್ಲುಬಂಡೆ

ಗಾಜುಗಾರ ಅವರು ಹೇಳಿದ್ದು ಸರಿ. ಅದರ ಹಿಂದಿನ ಭೂಗೋಳವನ್ನೂ ಸೇರಿಸುತ್ತೇನೆ. ಮಗಾಡಿಗೆ ವರ್ಷವಿಡೀ ಹರಿಯುವ ನದಿ ಒಂದೂ ಬಂದು ಸೇರುವುದಿಲ್ಲ. ಅದನ್ನು ತುಂಬಿಸುವುದು ಅಂಚಿನ ಬಿಸಿನೀರಿನ ಬುಗ್ಗೆಗಳು. ಕೆಲವು 80 ಡಿಗ್ರಿ ದಾಟುತ್ತವೆ. ಬುಗ್ಗೆಯ ನೀರು ಬರುವಾಗಲೇ ಸೋಡಾ ತುಂಬಿಕೊಂಡು ಬರುತ್ತದೆ. ಸಿಹಿನೀರು ತಂದು ತೆಳುವಾಗಿಸುವವರಿಲ್ಲ, ಮಣ್ಣು ತಂದು ಕೆಸರಾಗಿಸುವವರಿಲ್ಲ. ಅದಕ್ಕೇ ಅಲ್ಲಿ ಟ್ರೋನಾ ದಪ್ಪಗೆ, ಸ್ವಚ್ಛವಾಗಿ ಕಟ್ಟಿಕೊಂಡಿದೆ. ಅಗೆದಂತೆ ಬುಗ್ಗೆಗಳು ಹೊಸ ಸೋಡಾ ತರುತ್ತಲೇ ಇರುತ್ತವೆ.

ನೇಟ್ರಾನ್ ಹಾಗಲ್ಲ. ಅದಕ್ಕೂ ಬುಗ್ಗೆಗಳಿವೆ. ಜೊತೆಗೆ ಒಂದು ದೊಡ್ಡ ನದಿ ಇದೆ, ದಕ್ಷಿಣದ ಎವಾಸೊ ಙಿರೊ. ಕೀನ್ಯಾದ ಮಾವು ಬೆಟ್ಟಗಳ ಕಾಡಿನಲ್ಲಿ ಹುಟ್ಟಿ, ಕಣಿವೆಗೆ ಇಳಿದು, ಶೊಂಪೊಲೆ ಹತ್ತಿರ ಜೌಗು ಪ್ರದೇಶದಲ್ಲಿ ಹರಡಿ, ತನ್ನ ಮಣ್ಣನ್ನು ಅಲ್ಲೇ ಬಹಳಷ್ಟು ಇಳಿಸಿ ಉತ್ತರದ ತುದಿಯಲ್ಲಿ ನೇಟ್ರಾನ್ ಸೇರುತ್ತದೆ. ಪಶ್ಚಿಮದಿಂದ ಪೆನಿಂಜ್, ಮೊಯ್ನಿಕ್, ದಕ್ಷಿಣದಿಂದ ಎಂಗಾರೆ ಸೆರೊ ಅನ್ನುವ ಸಣ್ಣ ಹೊಳೆಗಳೂ ಬರುತ್ತವೆ. ಸರೋವರ ಸುಮಾರು 57 ಕಿಲೋಮೀಟರ್ ಉದ್ದ, 22 ಕಿಲೋಮೀಟರ್ ಅಗಲ. ಆಳ ಮಾತ್ರ ಮೂರು ಮೀಟರ್ ಕೂಡ ಇಲ್ಲ. ಇಷ್ಟು ಅಗಲದ, ಇಷ್ಟು ತೆಳುವಾದ ನೀರಿನ ಹಾಸು 40 ಡಿಗ್ರಿ ಬಿಸಿಲಿನಲ್ಲಿ ಬಿದ್ದಿದೆ ಅಂದರೆ ಏನಾಗಬಹುದು ಯೋಚಿಸಿ. ಮಳೆ ಸ್ವಲ್ಪ ಹೆಚ್ಚಾದರೆ ದಡ ಎಲ್ಲೋ ಹೋಗುತ್ತದೆ, ಕಮ್ಮಿಯಾದರೆ ಎಲ್ಲೋ ಬರುತ್ತದೆ. ನೀರು ಎಷ್ಟು ಕ್ಷಾರ ಅಂತ ತೋರಿಸುವ ಪಿಎಚ್ ಅಳತೆ 10 ದಾಟುತ್ತದೆ, ಕೆಲವೊಮ್ಮೆ 12ರ ಹತ್ತಿರ ಹೋಗುತ್ತದೆ.

ಹತ್ತು ಸಾವಿರ ವರ್ಷಗಳ ಹಿಂದೆ ಈ ಎರಡೂ ಒಂದೇ ದೊಡ್ಡ ಸರೋವರದ ಭಾಗವಾಗಿದ್ದವು. ಆಗ ಮಳೆ ಜಾಸ್ತಿ ಇತ್ತು, ನೀರೂ ಇಷ್ಟು ಕ್ಷಾರ ಇರಲಿಲ್ಲ. ಹವೆ ಒಣಗಿದಂತೆ ನೀರು ಇಳಿದು ಎರಡಾದವು. ಇದಕ್ಕೆ ಸಾಕ್ಷಿ ಮೀನು. ಅಲ್ಕೊಲಾಪಿಯಾ ಅನ್ನುವ ತಿಲಾಪಿಯಾ ಬಳಗದ ಪುಟ್ಟ ಮೀನುಗಳು ಎರಡರ ಅಂಚಿನ ಬುಗ್ಗೆಗಳಲ್ಲೂ ಇವೆ. ಒಂದೇ ಮೂಲದವು, ಬೇರೆಯಾದ ಮೇಲೆ ಬೇರೆ ಬೇರೆ ಜಾತಿಯಾದವು. ಮಗಾಡಿಯ ಮೀನಿನದ್ದು ಇನ್ನೊಂದು ವಿಶೇಷ. ಸಾಮಾನ್ಯ ಮೀನು ದೇಹದ ಕಸವನ್ನು ಅಮೋನಿಯಾ ಆಗಿ ಕಿವಿರಿನಿಂದ ಹೊರಬಿಡುತ್ತದೆ. ಇಷ್ಟು ಕ್ಷಾರದ ನೀರಿನಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಈ ಮೀನು ನಮ್ಮ ಹಾಗೆ ಯೂರಿಯಾ ಮಾಡಿ ಹೊರಹಾಕುತ್ತದೆ.

ಭೂಪಟ_ಮೇಷ್ಟ್ರು

ಅಬ್ಬಾ, ಮೀನಿನ ವಿಷಯ ಅದ್ಭುತ. ನದಿ ಇರುವುದು, ಇಲ್ಲದಿರುವುದು ಇಷ್ಟು ವ್ಯತ್ಯಾಸ ಮಾಡುತ್ತದೆ ಅಂತಾಯಿತು. ನೇಟ್ರಾನ್ ಪಕ್ಕದ ಓಲ್ ಡೊಯಿನ್ಯೊ ಲೆಂಗಾಯಿ ಜ್ವಾಲಾಮುಖಿ ಸೋಡಾ ಉಗುಳುತ್ತದೆ ಎನ್ನುತ್ತಾರೆ. ಸರೋವರಕ್ಕೆ ಅದೇ ಮೂಲವಾ?

ಕಲ್ಲುಬಂಡೆ

ಅದೊಂದೇ ಮೂಲ ಅನ್ನುವಂತಿಲ್ಲ. ಸುತ್ತಲಿನ ಹಳೆಯ ಜ್ವಾಲಾಮುಖಿ ಕಲ್ಲು, ಬುಗ್ಗೆಗಳ ಪಾಲು ದೊಡ್ಡದು. ಆದರೆ ಲೆಂಗಾಯಿ ಬಗ್ಗೆ ಹೇಳದೆ ಬಿಡಲಾಗುವುದಿಲ್ಲ. ಸರೋವರದ ದಕ್ಷಿಣಕ್ಕೆ, 2,962 ಮೀಟರ್ ಎತ್ತರದ ಚೂಪು ಬೆಟ್ಟ. ಮಸಾಯಿಗಳಿಗೆ ಅದು ದೇವರ ಬೆಟ್ಟ. ಇಂದು ಸೋಡಿಯಂ ಕಾರ್ಬೊನೇಟ್ ತುಂಬಿದ ಲಾವಾ ಉಕ್ಕಿಸುವ ಜ್ವಾಲಾಮುಖಿ ಪ್ರಪಂಚದಲ್ಲಿ ಇದೊಂದೇ. ಮಾಮೂಲಿ ಬಸಾಲ್ಟ್ ಲಾವಾ 1,100 ಡಿಗ್ರಿ ಮೇಲಿರುತ್ತದೆ. ಇದರದ್ದು 500ರಿಂದ 600 ಅಷ್ಟೇ. ಹಗಲಿನಲ್ಲಿ ನೋಡಿದರೆ ಕೆಂಪಗೆ ಹೊಳೆಯುವುದಿಲ್ಲ. ಕಪ್ಪಗೆ, ಬಹಳ ತೆಳ್ಳಗೆ ಹರಿಯುತ್ತದೆ. ತೇವ ತಾಗಿದ ಮೇಲೆ ಬೆಳ್ಳಗಾಗುತ್ತದೆ. ದೂರದಿಂದ ನೋಡಿದವರು ತುದಿಯಲ್ಲಿ ಹಿಮ ಇದೆ ಅಂದುಕೊಳ್ಳಬಹುದು. ಆ ಲಾವಾದ ಎರಡು ಮುಖ್ಯ ಖನಿಜಗಳು ಗ್ರೆಗೊರೈಟ್ ಮತ್ತು ನೈರೇರೈಟ್. ಒಂದು ಗ್ರೆಗರಿ ಅವರ ಹೆಸರು, ಇನ್ನೊಂದು ತಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆ ಅವರದು.

2007ರ ಜುಲೈನಲ್ಲಿ ಪಕ್ಕದ ಗೆಲಾಯಿ ಬೆಟ್ಟದ ಹತ್ತಿರ 5.9 ತೀವ್ರತೆಯ ಭೂಕಂಪ ಆಯಿತು. ನೈರೋಬಿಯ ಕಟ್ಟಡಗಳಿಂದ ಜನ ಹೊರಗೆ ಓಡಿದರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಲೆಂಗಾಯಿ ಜೋರಾಗಿ ಸ್ಫೋಟಿಸಿ 2008ರವರೆಗೂ ಬೂದಿ ಉಗುಳಿತು. ಅಂದರೆ ಅಲ್ಲಿ ನೆಲ ಬಿರಿಯುವುದು ಹಳೆಯ ಕಾಲದ ಕಥೆಯಲ್ಲ. ಈಗಲೂ ನಡೆಯುತ್ತಿದೆ.

ಹಕ್ಕಿನೋಟ

ಈಗ ಫ್ಲೆಮಿಂಗೊ ಯಾಕೆ ಇಂಥ ಜಾಗವನ್ನೇ ಆರಿಸಿತು ಅಂತ ಹೇಳುತ್ತೇನೆ.

ಒಂದು, ಊಟ. ಚಿಕ್ಕ ಫ್ಲೆಮಿಂಗೊ ತಿನ್ನುವುದು ಮುಖ್ಯವಾಗಿ ಸ್ಪಿರುಲಿನಾ. ನಾವು ಮೆಡಿಕಲ್ ಶಾಪಿನಲ್ಲಿ ಮಾತ್ರೆಯಾಗಿ ನೋಡುತ್ತೇವಲ್ಲ, ಅದರ ಬಳಗ. ಅದು ಸೋಡಾ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ಅದರಲ್ಲಿರುವ ಕೆರೊಟಿನ್ ಬಣ್ಣವೇ ಹಕ್ಕಿಯ ಗುಲಾಬಿ ಬಣ್ಣ.

ಇನ್ನೊಂದು, ಕಾವಲು. ನೇಟ್ರಾನ್ ನಡುವೆ ಸೋಡಾ ಹೆಪ್ಪುಗಟ್ಟಿದ ದಿಬ್ಬಗಳಿವೆ. ಸುತ್ತಲೂ ಸುಡುವ ಕೆಸರು. ನರಿ, ಕತ್ತೆಕಿರುಬ ಅಲ್ಲಿಗೆ ನಡೆದು ಬರಲಾರವು. ಮನುಷ್ಯರೂ ಅಷ್ಟೇ. 1954ರಲ್ಲಿ ಕೀನ್ಯಾದ ಕೃಷಿ ಇಲಾಖೆಯಲ್ಲಿದ್ದ ಪಕ್ಷಿತಜ್ಞ ಲೆಸ್ಲಿ ಬ್ರೌನ್ ಗೂಡುಗಳನ್ನು ಹತ್ತಿರದಿಂದ ನೋಡಬೇಕೆಂದು ಕೆಸರಿನಲ್ಲಿ ಹೊರಟರು. ದಾರಿಯಲ್ಲೇ ಸೋತು ಹಿಂದಿರುಗುವಷ್ಟರಲ್ಲಿ ಕಾಲುಗಳೆಲ್ಲ ಸೋಡಾದಿಂದ ಸುಟ್ಟು ಬೊಬ್ಬೆ. ಆಸ್ಪತ್ರೆ ಸೇರಬೇಕಾಯಿತು, ಪ್ರಾಣಕ್ಕೇ ಅಪಾಯವಾಗಿತ್ತು. ಫ್ಲೆಮಿಂಗೊ ಕಾಲಿಗೆ ಮಾತ್ರ ಏನೂ ಆಗುವುದಿಲ್ಲ, ಅದರ ಚರ್ಮ ಅಷ್ಟು ಗಟ್ಟಿ.

ಗೂಡು ಅಂದರೆ ಸೋಡಾ ಕೆಸರಿನ ಗುಪ್ಪೆ. ಕೊಕ್ಕಿನಲ್ಲಿ ಕೆಸರು ಎಳೆದು ಎಳೆದು ಮೇಲೇರಿಸುತ್ತವೆ. ಮೇಲೆ ಸಣ್ಣ ತಗ್ಗು, ಅದರಲ್ಲಿ ಒಂದೇ ಮೊಟ್ಟೆ. ನೆಲದ ಮೇಲೇ ಇಟ್ಟರೆ ಬಿಸಿಗೆ ಮೊಟ್ಟೆ ಬೆಂದುಹೋಗುತ್ತದೆ. ಆ ಗುಪ್ಪೆಯ ತಲೆಯ ಮೇಲೆ ನೆಲಕ್ಕಿಂತ ಎಷ್ಟೋ ತಂಪು. ಸುಮಾರು 28 ದಿನ ಕಾವು. ಮರಿ ಸ್ವಲ್ಪ ದೊಡ್ಡದಾದ ಮೇಲೆ ಸಾವಿರಾರು ಮರಿಗಳು ಒಟ್ಟಾಗಿ ಕೆಲವೇ ದೊಡ್ಡ ಹಕ್ಕಿಗಳ ಹಿಂದೆ ಸಿಹಿನೀರಿನ ಬುಗ್ಗೆ ಕಡೆ ನಡೆಯುತ್ತವೆ.

ಈ ವ್ಯವಸ್ಥೆ ನಿಂತಿರುವುದು ನೀರಿನ ಮಟ್ಟದ ಮೇಲೆ. ನೀರು ಹೆಚ್ಚಾದರೆ ದಿಬ್ಬ ಮುಳುಗಿ ಗೂಡು ಕೊಚ್ಚಿಹೋಗುತ್ತದೆ. ಕಮ್ಮಿಯಾದರೆ ಕೆಸರು ಒಣಗಿ ನರಿಗಳಿಗೆ ದಾರಿಯಾಗುತ್ತದೆ. 1962ರಲ್ಲಿ ನೇಟ್ರಾನ್ ತುಂಬಿಹೋಯಿತು. ಹಕ್ಕಿಗಳು ಮಗಾಡಿಗೆ ಬಂದು ಗೂಡು ಕಟ್ಟಿದವು. ಮಗಾಡಿಯ ನೀರು ಇಂಗಿ ಗಾಢವಾದಾಗ ಮರಿಗಳ ಕಾಲಿಗೆ ಸೋಡಾ ಬಳೆಯಂತೆ ಕಟ್ಟಿಕೊಂಡು ನಡೆಯಲಾರದೆ ಸಾಯತೊಡಗಿದವು. ಜನ ಸುತ್ತಿಗೆ ಹಿಡಿದು ಒಂದೊಂದೇ ಮರಿಯ ಕಾಲಿನ ಸೋಡಾ ಒಡೆದು ಸಾವಿರಾರು ಮರಿಗಳನ್ನು ಉಳಿಸಿದರು. ಅದನ್ನು ಓದಿದಾಗೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಮೇಷ್ಟ್ರ ಪ್ರಶ್ನೆಗೆ ಇದೂ ಉತ್ತರ. ಮಗಾಡಿ ಹಕ್ಕಿಗೆ ಆಪತ್ಕಾಲದ ಮನೆ ಮಾತ್ರ. ಖಾಯಂ ಮನೆ ನೇಟ್ರಾನ್.

ಗಾಜುಗಾರ

ಹಕ್ಕಿನೋಟ ಮೇಡಂ, ಇದನ್ನೆಲ್ಲ ಗೌರವದಿಂದ ಒಪ್ಪುತ್ತೇನೆ. ಆದರೂ ಒಂದು ಪ್ರಶ್ನೆ. 2006ರ ಹೊತ್ತಿಗೆ ತಾಂಜಾನಿಯಾದ ರಾಷ್ಟ್ರೀಯ ಅಭಿವೃದ್ಧಿ ನಿಗಮ ಮತ್ತು ಟಾಟಾ ಕೆಮಿಕಲ್ಸ್ ಸೇರಿ ನೇಟ್ರಾನ್‌ನಲ್ಲಿ ವರ್ಷಕ್ಕೆ 5 ಲಕ್ಷ ಟನ್ ಸೋಡಾ ಆಶ್ ತೆಗೆಯುವ ಯೋಜನೆ ಹಾಕಿದ್ದವು. ಬಡ ದೇಶ. ಆ ಭಾಗದಲ್ಲಿ ದನ ಮೇಯಿಸುವುದು ಬಿಟ್ಟರೆ ಕೆಲಸ ಇಲ್ಲ. ಕಾರ್ಖಾನೆ ಬಂದಿದ್ದರೆ ರಸ್ತೆ, ಆಸ್ಪತ್ರೆ, ಶಾಲೆ ಬರುತ್ತಿದ್ದವು. ದೂರದ ದೇಶದ ಪಕ್ಷಿಪ್ರೇಮಿಗಳು ಬೇಡ ಅಂದರು ಅಂತ ಬಿಡಬೇಕಾ?

ಹಕ್ಕಿನೋಟ

ನ್ಯಾಯವಾದ ಪ್ರಶ್ನೆ ಸರ್. ಸುಮ್ನೆ ಭಾವನೆಯಿಂದ ಉತ್ತರ ಕೊಡುವುದಿಲ್ಲ.

ವಿರೋಧ ಮಾಡಿದವರು ಹೊರಗಿನವರು ಮಾತ್ರ ಅಲ್ಲ. ಪಕ್ಷಿ ಸಂರಕ್ಷಣೆಯ ಸಂಸ್ಥೆ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಮುಂದೆ ಇತ್ತು ನಿಜ. ಪೂರ್ವ ಆಫ್ರಿಕಾದ ಸಂಸ್ಥೆಗಳೂ ಜೊತೆಗಿದ್ದವು. ನೇಟ್ರಾನ್ 2001ರಲ್ಲೇ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತ್ತು, ಅದನ್ನು ಸೇರಿಸಿದ್ದು ತಾಂಜಾನಿಯಾ ಸರ್ಕಾರವೇ. 2008ರಲ್ಲಿ ಟಾಟಾ ಆ ಯೋಜನೆಯಿಂದ ಹಿಂದೆ ಸರಿಯಿತು.

ನಾನು ಲೆಕ್ಕ ಹಾಕುವುದು ಹೀಗೆ. ನೇಟ್ರಾನ್‌ನಿಂದ ದ್ರಾವಣ ಎಳೆದರೆ ನೀರಿನ ಮಟ್ಟ ಬದಲಾಗುತ್ತದೆ. ಮೂರು ಮೀಟರಿಗಿಂತ ಕಮ್ಮಿ ಆಳದ ಸರೋವರದಲ್ಲಿ ಅಂಗೈ ಅಗಲದ ಬದಲಾವಣೆಯೂ ದೊಡ್ಡದೇ. ಕಾರ್ಖಾನೆಗೆ, ಕೆಲಸಗಾರರ ಊರಿಗೆ ಸಿಹಿನೀರು ಬೇಕು. ಅದನ್ನು ಅದೇ ಹೊಳೆಗಳಿಂದ ತೆಗೆಯಬೇಕು. ಮಸಾಯಿ ದನಗಳು ಕುಡಿಯುವುದೂ ಅದೇ ಹೊಳೆಗಳ ನೀರು. ಸೋಡಾ ಬೇರೆ ಕಡೆ ಸಿಗುತ್ತದೆ. ಈ ಹಕ್ಕಿಗೆ ಬೇರೆ ಜಾಗ ಬಹಳ ಕಡಿಮೆ. ನಮೀಬಿಯಾದ ಎಟೋಶಾ, ಬೋಟ್ಸ್‌ವಾನಾದ ಸುವಾ, ದಕ್ಷಿಣ ಆಫ್ರಿಕಾದ ಕ್ಯಾಂಫರ್ಸ್ ಡ್ಯಾಮ್, ನಮ್ಮ ಕಛ್‌ನ ಚಿಕ್ಕ ರಣ್. ಎಲ್ಲಾ ಸೇರಿಸಿದರೂ ನೇಟ್ರಾನ್‌ಗೆ ಸಾಟಿಯಾಗುವುದಿಲ್ಲ.

ನೈರೋಬಿ_ನಿವಾಸಿ

ಇಲ್ಲಿ ಒಂದು ವಿಷಯ ಸೇರಿಸಬೇಕು. ತಾಂಜಾನಿಯಾದವರು ಆಮೇಲೆ ನೇಟ್ರಾನ್‌ನ ದಕ್ಷಿಣಕ್ಕೆ ಎಂಗಾರುಕಾ ತಗ್ಗಿನಲ್ಲಿ ನೆಲದ ಕೆಳಗೆ ಸೋಡಾ ದ್ರಾವಣ ಪತ್ತೆ ಮಾಡಿದರು. ರಾಷ್ಟ್ರೀಯ ಅಭಿವೃದ್ಧಿ ನಿಗಮ ತನ್ನ ಯೋಜನೆಯನ್ನು ಆ ಕಡೆ ತಿರುಗಿಸಿತು. ಗಾಜುಗಾರ ಸರ್, ಕೆಲಸವೂ ಬರಲಿ, ಗೂಡೂ ಉಳಿಯಲಿ ಅನ್ನುವವರಿಗೆ ಅದು ಒಂದು ದಾರಿ. ಅಲ್ಲಿಯೂ ಜನರ ಹೊಲ, ಹುಲ್ಲುಗಾವಲು ಇವೆ. ಹಳೆಯ ಕಾಲದ ನೀರಾವರಿ ಕಾಲುವೆಗಳ ಅವಶೇಷಗಳಿವೆ. ಹಾಗಾಗಿ ನೋಡಿಕೊಂಡೇ ಮಾಡಬೇಕು.

ಗಾಜುಗಾರ

ಅದು ಸರಿಯಾದ ಮಾತು. ಸೋಡಾ ಸಿಗುವ ಬೇರೆ ಜಾಗ ಇದ್ದರೆ ಅಲ್ಲಿಗೇ ಹೋಗಲಿ. ನನ್ನ ಕಾಳಜಿ ಅಲ್ಲಿನ ಜನಕ್ಕೆ ದುಡಿಮೆ ಬೇಕು ಅನ್ನುವುದು. ಅದನ್ನು ಯಾರೂ ಮರೆಯಬಾರದು.

ಕಲ್ಲುಬಂಡೆ

ಗಣಿ ಬಗ್ಗೆ ಇಷ್ಟು ಮಾತಾಡಿದೆವು. ನನಗೆ ಹೆಚ್ಚು ಚಿಂತೆ ಇರುವುದು ನದಿಯ ಬಗ್ಗೆ.

ಗಣಿ ಬಂದರೆ ಕಣ್ಣಿಗೆ ಕಾಣುತ್ತದೆ, ಜನ ತಡೆಯುತ್ತಾರೆ. ಎವಾಸೊ ಙಿರೊ ನದಿಯ ಮೂಲದಲ್ಲಿ ಮಾವು ಕಾಡು ದಶಕಗಳಿಂದ ಕಡಿದು ಹೊಲವಾಗುತ್ತಾ ಬಂದಿದೆ. ಕಾಡು ಹೋದರೆ ಮಳೆಗಾಲದಲ್ಲಿ ಕೆಸರು ತುಂಬಿದ ಪ್ರವಾಹ ಬರುತ್ತದೆ, ಬೇಸಿಗೆಯಲ್ಲಿ ಹರಿವು ಸೊರಗುತ್ತದೆ. ಅದೇ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆಯನ್ನೂ ಕೀನ್ಯಾ ಬಹಳ ಕಾಲದಿಂದ ಇಟ್ಟುಕೊಂಡಿದೆ. ನದಿ ಹುಟ್ಟುವುದು ಒಂದು ದೇಶದಲ್ಲಿ, ಸರೋವರ ಇರುವುದು ಇನ್ನೊಂದು ದೇಶದಲ್ಲಿ. ಕೀನ್ಯಾದ ನಾರೊಕ್ ಕಡೆ ರೈತ ಮರ ಕಡಿದರೆ ನೇಟ್ರಾನ್‌ನಲ್ಲಿ ಗೂಡು ಮುಳುಗಬಹುದು ಅಂತ ಅವನಿಗೆ ಯಾರು ಹೇಳಬೇಕು? ಕಾವೇರಿ, ಕೃಷ್ಣೆ ಜಗಳ ಕಂಡ ನಮಗೆ ಇದು ಎಷ್ಟು ಕಷ್ಟ ಅಂತ ಹೇಳಿಕೊಡಬೇಕಾಗಿಲ್ಲ.

ಹಕ್ಕಿನೋಟ

ನೂರಕ್ಕೆ ನೂರು ಸರಿ. ಇನ್ನೊಂದು ಕಡೆಯಿಂದಲೂ ಒತ್ತಡ ಇದೆ. 2010ರ ನಂತರ ಕೀನ್ಯಾದ ರಿಫ್ಟ್ ಸರೋವರಗಳಲ್ಲಿ ನೀರು ಏರುತ್ತಲೇ ಬಂತು. ನಕುರು, ಬೊಗೋರಿಯಾ, ಬರಿಂಗೊ ದಡದ ಮನೆ, ರಸ್ತೆ, ಗೇಟುಗಳು ಮುಳುಗಿದವು. ಮಳೆ ಜಾಸ್ತಿಯಾಗಿದ್ದು ಮುಖ್ಯ ಕಾರಣ. ಸಿಹಿನೀರು ಹೆಚ್ಚಾದರೆ ಸೋಡಾ ತೆಳುವಾಗುತ್ತದೆ, ಸ್ಪಿರುಲಿನಾ ಕಮ್ಮಿಯಾಗುತ್ತದೆ. 2024ರಲ್ಲಿ ಬಂದ ಒಂದು ಅಧ್ಯಯನ ಪೂರ್ವ ಆಫ್ರಿಕಾದ 22 ಸೋಡಾ ಸರೋವರಗಳ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ಇದನ್ನೇ ತೋರಿಸಿತು. ಹಕ್ಕಿಗೆ ಊಟ ಸಿಗುವ ಸರೋವರಗಳೇ ಸೊರಗಿದರೆ ಗೂಡಿನ ಜಾಗ ಒಂದನ್ನು ಕಾಪಾಡಿ ಏನು ಪ್ರಯೋಜನ? ಇಡೀ ಸರಪಣಿ ಉಳಿಯಬೇಕು.

ಸುಮಾ_ಧಾರವಾಡ

ಇಷ್ಟು ಓದಿದ ಮೇಲೆ ಅಲ್ಲಿಗೆ ಹೋಗಬೇಕು ಅನ್ನಿಸ್ತಿದೆ. ನೇಟ್ರಾನ್‌ಗೆ ಹೋಗಲು ಆಗುತ್ತದಾ? ಹಕ್ಕಿ ಬಿಟ್ಟು ಇನ್ನೇನಿದೆ?

ನೈರೋಬಿ_ನಿವಾಸಿ

ಹೋಗಬಹುದು. ತಾಂಜಾನಿಯಾದ ಆರುಷಾ ನಗರದಿಂದ ಮ್ಟೊ ವಾ ಮ್ಬು ಊರಿಗೆ ಬಂದು ಅಲ್ಲಿಂದ ಉತ್ತರಕ್ಕೆ. ಎಡಗಡೆ ರಿಫ್ಟ್ ಗೋಡೆ, ಎದುರಿಗೆ ಲೆಂಗಾಯಿ. ಉಳಿಯುವುದು ಸರೋವರದ ದಕ್ಷಿಣ ದಡದ ಎಂಗಾರೆ ಸೆರೊ ಹಳ್ಳಿಯಲ್ಲಿ. ಮಸಾಯಿ ಗೈಡ್ ಇಲ್ಲದೆ ದಡಕ್ಕೆ ಹೋಗಬೇಡಿ. ಎಲ್ಲಿ ಪದರ ಗಟ್ಟಿ, ಎಲ್ಲಿ ಕಾಲು ಹೂತುಹೋಗುತ್ತದೆ ಅಂತ ಅವರಿಗೆ ಗೊತ್ತು.

ಹಳ್ಳಿಯ ಹತ್ತಿರವೇ ಗಟ್ಟಿಯಾದ ಜ್ವಾಲಾಮುಖಿ ಬೂದಿಯಲ್ಲಿ ಮನುಷ್ಯರ ಹೆಜ್ಜೆಗುರುತುಗಳಿವೆ. ನಾಲ್ಕು ನೂರಕ್ಕೂ ಹೆಚ್ಚು. ಐದು ಸಾವಿರದಿಂದ ಹತ್ತೊಂಬತ್ತು ಸಾವಿರ ವರ್ಷಗಳ ನಡುವಿನವು ಎನ್ನುತ್ತಾರೆ. ಒಂದು ಕಡೆ ಹದಿನೇಳು ಜನ ಒಟ್ಟಿಗೆ ನಡೆದ ಗುರುತು ಇದೆ. ಅಳತೆ ಮಾಡಿ ನೋಡಿದವರ ಪ್ರಕಾರ ಅದರಲ್ಲಿ ಹದಿನಾಲ್ಕು ಜನ ಹೆಂಗಸರು. ಗೆಡ್ಡೆ, ಹಣ್ಣು ಸಂಗ್ರಹಿಸಲು ಹೊರಟಿದ್ದಿರಬಹುದು ಅನ್ನುವುದು ಅವರ ಊಹೆ.

ಕಲ್ಲುಬಂಡೆ

ಪಶ್ಚಿಮ ದಡದ ಪೆನಿಂಜ್‌ನಲ್ಲಿ 1964ರಲ್ಲಿ ಸಿಕ್ಕ ಕೆಳದವಡೆ ಇನ್ನೂ ಹಳೆಯದು. ಸುಮಾರು 15 ಲಕ್ಷ ವರ್ಷ. ಮನುಷ್ಯರ ಬಳಗದ, ಈಗ ಅಳಿದುಹೋದ ದೊಡ್ಡ ಹಲ್ಲಿನ ಪ್ಯಾರಾಂತ್ರೊಪಸ್ ಜಾತಿಯದು. ರಿಚರ್ಡ್ ಲೀಕಿ, ಗ್ಲಿನ್ ಐಸಾಕ್ ಅವರ ತಂಡದಲ್ಲಿದ್ದ ಕಮೋಯಾ ಕಿಮೆಯು ಅದನ್ನು ಗುರುತಿಸಿದರು. ಸೋಡಾ ಸರೋವರದ ಪಕ್ಕ ಸಿಹಿನೀರಿನ ಹೊಳೆ ಸೇರುವ ಜಾಗದಲ್ಲೇ ಅದು ಸಿಕ್ಕಿತು ಅನ್ನುವುದನ್ನು ಮೇಷ್ಟ್ರು ಭೂಪಟದಲ್ಲಿ ಗುರುತು ಮಾಡಿಕೊಳ್ಳಿ.

ಸುಮಾ_ಧಾರವಾಡ

ಯಾವ ತಿಂಗಳು ಹೋದರೆ ಒಳ್ಳೆಯದು?

ಹಕ್ಕಿನೋಟ

ಗೂಡು ಕಟ್ಟುವುದು ಸಾಮಾನ್ಯವಾಗಿ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಶುರುವಾಗುತ್ತದೆ. ಎಲ್ಲಾ ವರ್ಷವೂ ಆಗುವುದಿಲ್ಲ, ನೀರು ಹದವಾಗಿ ಬಂದರೆ ಮಾತ್ರ. ಗೂಡುಗಳು ಸರೋವರದ ನಡುವೆ ಇರುವುದರಿಂದ ದಡದಿಂದ ಕಾಣುವುದಿಲ್ಲ. ದಡದಲ್ಲಿ ಮೇಯುವ ಹಕ್ಕಿಗಳು ಕಾಣುತ್ತವೆ. ದುರ್ಬೀನು ಒಯ್ಯಿರಿ, ದೂರದಿಂದಲೇ ನೋಡಿ. ಡ್ರೋನ್ ಹಾರಿಸುವವರ ಜೊತೆ ಮಾತ್ರ ಹೋಗಬೇಡಿ. ಒಮ್ಮೆ ಬೆದರಿ ಎದ್ದರೆ ಸಾವಿರಾರು ಹಕ್ಕಿಗಳು ಮೇವು ಬಿಟ್ಟು ಹೋಗುತ್ತವೆ. ಮತ್ತೆ, ಕಾಲು ತೊಳೆಯಲು ಬೇರೆಯಾಗಿ ಒಂದು ಕ್ಯಾನ್ ಸಿಹಿನೀರು ಗಾಡಿಯಲ್ಲಿ ಇಟ್ಟುಕೊಳ್ಳಿ.